ಗಿರಿಯ ಕಾಡು, ಬಯಲಿನ ಕೊಡ

ಮಾರಿಕಣಿವೆಯ ವಾಣಿವಿಲಾಸ ಸಾಗರ ಮೊದಲ ಬಾರಿ ಕೋಡಿ ಬಿದ್ದದ್ದು 1933ರಲ್ಲಿ. ಎರಡನೆಯ ಕೋಡಿ ನೋಡಲು ಹಿರಿಯೂರು ಸೀಮೆಯ ಜನ 89 ವರ್ಷ ಕಾಯಬೇಕಾಯಿತು. ಅದು ಬಂದದ್ದು 2022ರ ಸೆಪ್ಟೆಂಬರಿನಲ್ಲಿ. ಮೂರನೆಯದಕ್ಕೆ ಮೂರು ವರ್ಷವೂ ಬೇಕಾಗಲಿಲ್ಲ. 2025ರ ಜನವರಿಯಲ್ಲಿ ಜಲಾಶಯ ಮತ್ತೆ 130 ಅಡಿ ಮುಟ್ಟಿ ಹೊರಚೆಲ್ಲಿತು. ನಡುವಿನ ಒಂಬತ್ತು ದಶಕ ನೀರು ಎಲ್ಲಿ ಹೋಗಿತ್ತು ಎಂದು ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಮಳೆ ಕೈಕೊಟ್ಟಿತು ಎನ್ನುವವರಿದ್ದಾರೆ. ಮೇಲಿನವರು ಕೆರೆ, ಚೆಕ್‌ಡ್ಯಾಂ, ಬೋರ್‌ವೆಲ್ಲುಗಳಲ್ಲಿ ಹಿಡಿದಿಟ್ಟುಕೊಂಡರು ಎನ್ನುವವರಿದ್ದಾರೆ. ಗಿರಿಯ ಕಾಡು ಹೋಯಿತು, ಹಳ್ಳ ಬತ್ತಿತು ಎಂಬುದು ಮೂರನೆಯ ಮಾತು.

ಜಲಾಶಯ ತುಂಬಿದರೂ ಆ ನೀರಿಗಾಗಿ ಕೈಚಾಚಿ ನಿಂತ ಊರುಗಳು ಹಿರಿಯೂರು ತಾಲ್ಲೂಕಿನಲ್ಲೇ ಇವೆ. ಪೂರ್ವದ ಅಂಚಿನಲ್ಲಿ, ಆಂಧ್ರದ ಗಡಿಗೆ ಒತ್ತಿಕೊಂಡಿರುವ ಧರ್ಮಪುರ ಹೋಬಳಿ ಅಂಥದ್ದು. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಇಲ್ಲಿಗೆ ಹತ್ತಿರ. ಧರ್ಮಪುರದ ಹಳೆಯ ದೊಡ್ಡ ಕೆರೆಗೆ, ಈ ಜಲಾಶಯ ತುಂಬಿಸುವ ವೇದಾವತಿ ನದಿಯಿಂದ ಪೂರಕ ನಾಲೆ ಬೇಕೆಂಬ ಕೂಗು ದಶಕಗಳಿಂದ ಕೇಳಿಬರುತ್ತಿದೆ. ಕೆರೆ ಒಣಗಿದ ವರ್ಷ ಉಳಿಯುವುದು ಬೋರ್‌ವೆಲ್, ಅದೂ ಸೋತರೆ ಟ್ಯಾಂಕರ್.

ಈ ಬಯಲಿನ ಊರುಗಳಿಗೂ ನೂರು ಕಿಲೋಮೀಟರಿಗೂ ಆಚೆಯ ಗಿರಿಗಳ ಕಾಡಿಗೂ ನಂಟು ಎಷ್ಟು ಗಟ್ಟಿ? ಕಾಡು ಉಳಿದರೆ ನೀರು ಹೆಚ್ಚುತ್ತದೆಯೇ? ಹೆಚ್ಚುವುದಾದರೆ ಯಾವ ಕಾಲದಲ್ಲಿ, ಯಾರ ಖರ್ಚಿನಲ್ಲಿ? ಎರಡೂವರೆ ಶತಮಾನದಿಂದ ಲೋಕದ ಬೇರೆಬೇರೆ ಮೂಲೆಗಳಲ್ಲಿ ಚರ್ಚೆಯಾಗುತ್ತಿರುವ ಈ ಪ್ರಶ್ನೆ ಕರ್ನಾಟಕದ ನೆಲದಲ್ಲೂ ಹಲವು ಸಲ ಪರೀಕ್ಷೆಗೆ ಒಳಗಾಗಿದೆ.

ನೀರಿನ ದಾರಿ

ವೇದಾವತಿಯ ತವರು ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಶ್ರೇಣಿ. ಪಶ್ಚಿಮಘಟ್ಟದ ಮುಖ್ಯ ಸಾಲಿನಿಂದ ತುಸು ಪೂರ್ವಕ್ಕೆ ಸರಿದು ನಿಂತ ಈ ಶ್ರೇಣಿಯಲ್ಲೇ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಇದೆ. ಎತ್ತರ ಸುಮಾರು 1,930 ಮೀಟರ್. ಶಿಖರದ ಸುತ್ತ ಹುಲ್ಲು, ಹುಲ್ಲಿನ ಮಡಿಲುಗಳಲ್ಲಿ ಕುಳ್ಳಮರಗಳ ದಟ್ಟ ಶೋಲಾ ಕಾಡು, ಅದರ ಕೆಳಗೆ ಕಾಫಿ ತೋಟ, ಇನ್ನೂ ಕೆಳಗೆ ಬಯಲು. ಪೂರ್ವದ ಇಳಿಜಾರಿನಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಇಳಿಯುವ ಮೊದಲೇ ಹಿಂದಿನವರು ಅವಕ್ಕೆ ಒಡ್ಡು ಕಟ್ಟಿದರು. ಸಖರಾಯಪಟ್ಟಣದ ಅಯ್ಯನಕೆರೆ ವೇದೆಯ ನೀರಿನದು, ಕಡೂರು ಕಡೆಯ ಮದಗದ ಕೆರೆ ಅವತಿಯದು. ಅಲ್ಲಿಂದ ಮುಂದೆ ಎರಡೂ ಕೂಡಿ ವೇದಾವತಿಯಾಗಿ ಹೊಸದುರ್ಗ ಸೀಮೆ ಹಾಯ್ದು ಹಿರಿಯೂರಿನ ಬೆಟ್ಟಗಳ ಸಂದಿಗೆ ಬರುತ್ತವೆ. ಆ ಸಂದಿಯಲ್ಲೇ 1898ರಿಂದ 1907ರವರೆಗೆ ಮೈಸೂರು ಸಂಸ್ಥಾನ ಕಟ್ಟಿದ ಅಣೆಕಟ್ಟು ವಾಣಿವಿಲಾಸ ಸಾಗರ. ಸಾಮರ್ಥ್ಯ 30 ಟಿಎಂಸಿಗಿಂತ ಸ್ವಲ್ಪ ಹೆಚ್ಚು. ಕನ್ನಂಬಾಡಿಗಿಂತ ಹಳೆಯದು.

ಗಿರಿಗೆ ಬೀಳುವ ಮಳೆಗೂ ಬಯಲಿನ ಮಳೆಗೂ ಅಜಗಜಾಂತರ. ಕುದುರೆಮುಖದ ಕಡೆ ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಸುರಿಯುವ ಮುಂಗಾರು, ಹಿರಿಯೂರು ತಲುಪುವಷ್ಟರಲ್ಲಿ ಆರುನೂರರ ಒಳಗೆ ಇಳಿದಿರುತ್ತದೆ. ಹೀಗಾಗಿ ಜಲಾಶಯದ ಐದು ಸಾವಿರ ಚದರ ಕಿಲೋಮೀಟರಿಗೂ ಮಿಕ್ಕಿದ ಜಲಾನಯನದಲ್ಲಿ ಗಿರಿಯ ಪಾಲು ವಿಸ್ತೀರ್ಣದಲ್ಲಿ ಚಿಕ್ಕದು, ನೀರಿನ ಲೆಕ್ಕದಲ್ಲಿ ದೊಡ್ಡದು.

2019ರ ಕೊನೆಗೆ ಈ ನಕ್ಷೆಯೇ ಬದಲಾಯಿತು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಭದ್ರೆಯ ನೀರನ್ನು ಪಂಪುಗಳಿಂದ ಎತ್ತಿ, ಅಜ್ಜಂಪುರದ ಬಳಿ ಸುರಂಗದಲ್ಲಿ ಹಾಯಿಸಿ, ವೇದಾವತಿಯ ಕಣಿವೆಗೆ ಬಿಡಲಾಯಿತು. ಯೋಜನೆ ಪೂರ್ತಿಯಾದರೆ ತುಂಗೆಯಿಂದ 17.4, ಭದ್ರೆಯಿಂದ 12.5, ಒಟ್ಟು 29.9 ಟಿಎಂಸಿ ಬಳಕೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರಿಗೆ ನೀರು, 367 ಕೆರೆಗಳಿಗೆ ಭರ್ತಿ. ತುಂಗೆ, ಭದ್ರೆ ಎರಡೂ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ಅಂದರೆ ಹಿರಿಯೂರಿನ ನಲ್ಲಿಗೆ ಈಗ ಎರಡು ಗಿರಿಗಳ ಋಣವಿದೆ.

ದ್ವೀಪಗಳಲ್ಲಿ ಹುಟ್ಟಿದ ಚಿಂತೆ

ಕಾಡಿಗೂ ನೀರಿಗೂ ಇರುವ ನಂಟು ವಸಾಹತುಗಳ ಕಾನೂನಿನೊಳಗೆ ಬಂದದ್ದು ಮೊದಲು ದ್ವೀಪಗಳಲ್ಲಿ. ಅಲ್ಲಿ ತಪ್ಪು ಮಾಡಿದರೆ ಮರೆಮಾಚಲು ಜಾಗವಿಲ್ಲ. ಕಬ್ಬು ನೆಡಲು ಗುಡ್ಡ ಬೋಳಿಸಿದ ಇಪ್ಪತ್ತು ಮೂವತ್ತು ವರ್ಷದಲ್ಲೇ ತೊರೆ ಬತ್ತುವುದು, ಮಣ್ಣು ಕಡಲಿಗೆ ಹರಿಯುವುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮಾರಿಷಸ್‌ನಲ್ಲಿ ಫ್ರೆಂಚ್ ಆಡಳಿತಗಾರ ಪಿಯರ್ ಪೊಯಾವ್ರ್ 1769ರಲ್ಲಿ ಕಾಡು ಕಾಯುವ ಕಾನೂನು ತಂದ. ಕೆರಿಬಿಯನ್ನಿನ ಟೊಬೇಗೊ ದ್ವೀಪದಲ್ಲಿ 1776ರಲ್ಲಿ ಮಧ್ಯದ ಬೆಟ್ಟಸಾಲಿನ ಕಾಡನ್ನು ಮಳೆ ಕಾಪಾಡುವ ಉದ್ದೇಶಕ್ಕೆಂದೇ ಮೀಸಲಿಟ್ಟರು; ಇಂದಿಗೂ ಅದು ಉಳಿದಿದೆ. ಹವಾಯಿಯಲ್ಲಿ 1903ರಲ್ಲಿ ಅರಣ್ಯ ಮೀಸಲು ವ್ಯವಸ್ಥೆ ಬಂದಾಗ ಅದರ ಹಿಂದೆ ನಿಂತವರು ಕಬ್ಬಿನ ತೋಟಗಳ ಮಾಲೀಕರು. ಹೊಲಕ್ಕೆ ಹರಿಯುವ ನೀರು ಬೆಟ್ಟದ ಮೂಲಕಾಡಿನಿಂದ ಬರುತ್ತದೆ, ಅಲ್ಲಿ ನುಗ್ಗಿದ ದನಗಳು ಆ ಕಾಡನ್ನು ಮುಗಿಸುತ್ತಿವೆ ಎಂಬುದು ಅವರ ಲೆಕ್ಕಾಚಾರವಾಗಿತ್ತು.

ಭಾರತಕ್ಕೆ ಈ ವಿಚಾರ ಬಂದ ದಾರಿಯಲ್ಲಿ ಮೈಸೂರಿದೆ. 1840ರ ದಶಕದಲ್ಲಿ ಶಿವಮೊಗ್ಗ ಸೀಮೆಯಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರ್ನ್ ಮಲೆನಾಡಿನ ಕಾಡು ಕರಗುವುದನ್ನು ಕಂಡು ಬರೆದ. 1851ರಲ್ಲಿ ಉಷ್ಣವಲಯದ ಅರಣ್ಯನಾಶದ ಬಗ್ಗೆ ಬ್ರಿಟಿಷ್ ವಿಜ್ಞಾನ ಸಂಘಕ್ಕೆ ವರದಿ ಸಲ್ಲಿಸಿದ ಸಮಿತಿಯಲ್ಲಿ ಅವನದೇ ಮುಂದಾಳ್ತನ. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ. ಮೈಸೂರಿಗೆ ಸ್ವಂತ ಅರಣ್ಯ ಇಲಾಖೆ 1864ರಲ್ಲಿ ಬಂತು. ಇತಿಹಾಸಕಾರ ರಿಚರ್ಡ್ ಗ್ರೋವ್ 1995ರ ತಮ್ಮ ಗ್ರಂಥದಲ್ಲಿ ದ್ವೀಪಗಳಿಂದ ಭಾರತದವರೆಗಿನ ಈ ಎಳೆಯನ್ನು ಬಿಡಿಸಿ ತೋರಿಸಿದ್ದಾರೆ.

ಎಳೆಗೆ ಇನ್ನೊಂದು ಮುಖವೂ ಇತ್ತು. ನೀರು ಉಳಿಸುವ ಹೆಸರಿನಲ್ಲಿ ಮೊದಲು ಬೇಲಿ ಬಿದ್ದದ್ದು ಕುಮರಿ ಬೇಸಾಯ ಮಾಡುವವರಿಗೆ, ಸೊಪ್ಪು ಸೌದೆ ತರುವವರಿಗೆ. ಹಡಗಿಗೆ, ರೈಲುಹಳಿಗೆ ಮರ ಕಡಿಯುವುದು ನಿಲ್ಲಲಿಲ್ಲ. ಕಾಡು ಕಾಯುವುದು ಎಂದರೆ ಯಾರಿಂದ ಕಾಯುವುದು ಎಂಬ ಜಗಳ ಅಂದಿನಿಂದಲೇ ಶುರು.

ಮೊದಲ ವಾದ: ಕಾಡು ನೀರು ಹಿಡಿದಿಡುತ್ತದೆ

ಜನಸಾಮಾನ್ಯರ ನಂಬಿಕೆಗೂ ಅರಣ್ಯ ಇಲಾಖೆಯ ಹಳೆಯ ಪಾಠಕ್ಕೂ ಹೊಂದುವ ವಾದ ಇದು. ಎಲೆಯ ಹೊದಿಕೆ ಮಳೆಹನಿಯ ಹೊಡೆತ ತಡೆಯುತ್ತದೆ, ತರಗು ನೀರನ್ನು ನಿಧಾನಿಸುತ್ತದೆ, ಬೇರು ಮತ್ತು ಎರೆಹುಳು ತೆರೆದ ರಂಧ್ರಗಳಲ್ಲಿ ನೀರು ಇಳಿಯುತ್ತದೆ. ಮುಂಗಾರಿನಲ್ಲಿ ಇಳಿದದ್ದು ಬೇಸಿಗೆಯಲ್ಲಿ ಒರತೆಯಾಗಿ ಹೊರಡುತ್ತದೆ. ಸ್ಪಂಜಿನ ವಾದವೆಂದೇ ಇದಕ್ಕೆ ಹೆಸರು.

ಇದು ಚೆನ್ನಾಗಿ ವಿವರಿಸುವ ಸಂಗತಿ ಹೂಳು. ಕುದುರೆಮುಖದಲ್ಲಿ 1970ರ ದಶಕದಲ್ಲಿ ಶುರುವಾದ ಕಬ್ಬಿಣದ ಅದಿರಿನ ಗಣಿ ಭದ್ರೆಯ ನೆತ್ತಿಯ ಮೇಲೇ ಕೂತಿತ್ತು. ಜಲಾನಯನದಲ್ಲಿ ಗಣಿಯ ನೆಲ ಅತ್ಯಲ್ಪ ಭಾಗ. ಹೊಳೆ ಹೊತ್ತೊಯ್ಯುವ ಹೂಳಿನಲ್ಲಿ ಅದರ ಪಾಲು ಮಾತ್ರ ಅತಿದೊಡ್ಡದು ಎಂಬುದನ್ನು ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರ ಅಳತೆಗಳು ತೋರಿಸಿದವು. 1987ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾಗಿದ್ದ ಸುತ್ತಲಿನ ಕಾಡಿನ ಹೆಸರಿನಲ್ಲಿ ನಡೆದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಗಣಿ ನಿಲ್ಲಿಸಲು ಹೇಳಿತು. 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಬಾಬಾಬುಡನ್ ಶ್ರೇಣಿಯ ಕೆಮ್ಮಣ್ಣುಗುಂಡಿಯೂ ಭದ್ರಾವತಿಯ ಕಾರ್ಖಾನೆಗೆ ದಶಕಗಟ್ಟಲೆ ಅದಿರು ಕೊಟ್ಟ ಬೆಟ್ಟ. ಅಣೆಕಟ್ಟಿಗೆ ಸೇರುವ ಹೂಳು ಅಲ್ಲಿ ಹಿಡಿಯುವ ನೀರಿನ ಜಾಗವನ್ನೇ ತಿನ್ನುವುದರಿಂದ ಈ ನಷ್ಟ ಒಂದು ವರ್ಷದ ಮಳೆಯಿಂದ ತುಂಬುವಂಥದ್ದಲ್ಲ.

ವಾದ ಸೋಲುವುದು ಮೊತ್ತದ ಲೆಕ್ಕದಲ್ಲಿ. ನೀರು ನಿಧಾನವಾಗಿ ಬರುತ್ತದೆ ಎಂದ ಮಾತ್ರಕ್ಕೆ ಹೆಚ್ಚು ಬರುತ್ತದೆ ಎಂದಾಗುವುದಿಲ್ಲ.

ಎರಡನೆಯ ವಾದ: ಮರವೂ ನೀರು ಕುಡಿಯುತ್ತದೆ

ಇಪ್ಪತ್ತನೆಯ ಶತಮಾನದಲ್ಲಿ ಜಲವಿಜ್ಞಾನಿಗಳು ಒಂದೇ ತೆರನ ಎರಡು ಕಣಿವೆ ಆರಿಸಿ, ಒಂದರಲ್ಲಿ ಮರ ಕಡಿದು, ಇನ್ನೊಂದನ್ನು ಹಾಗೇ ಬಿಟ್ಟು, ಎರಡರ ಹೊಳೆಯನ್ನೂ ಅಳೆಯತೊಡಗಿದರು. 1982ರಲ್ಲಿ ಬಾಷ್ ಮತ್ತು ಹ್ಯೂಲೆಟ್ ಇಂಥ 94 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಚಿತ್ರ ತಲೆಕೆಳಗಾಯಿತು. ಮರ ಕಡಿದಲ್ಲಿ ವರ್ಷದ ಒಟ್ಟು ಹರಿವು ಸಾಮಾನ್ಯವಾಗಿ ಹೆಚ್ಚುತ್ತದೆ, ನೆಟ್ಟಲ್ಲಿ ಕಡಿಮೆಯಾಗುತ್ತದೆ. ಆಳಕ್ಕೆ ಬೇರು ಬಿಟ್ಟು ವರ್ಷವಿಡೀ ಎಲೆ ಹೊತ್ತ ಮರ ಹುಲ್ಲಿಗಿಂತ ಹೆಚ್ಚು ನೀರನ್ನು ಆಕಾಶಕ್ಕೆ ಮರಳಿಸುತ್ತದೆ.

ನೀಲಗಿರಿ ಬೆಟ್ಟಗಳ ಗ್ಲೆನ್‌ಮಾರ್ಗನ್‌ನಲ್ಲಿ ಕೇಂದ್ರೀಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಸ್ಥೆ 1968ರಿಂದ ಅಳೆಯತೊಡಗಿದ ಜೋಡಿ ಕಣಿವೆಗಳು ಇದಕ್ಕೆ ನಮ್ಮ ಸಾಕ್ಷಿ. ಹುಲ್ಲುಗಾವಲಿನ ಅರ್ಧಕ್ಕೂ ಹೆಚ್ಚು ಭಾಗಕ್ಕೆ ನೀಲಗಿರಿ ಗಿಡ ಹಾಕಿದ ಕಣಿವೆಯಲ್ಲಿ ಮೊದಲ ಸುತ್ತಿನ ಬೆಳೆಯಲ್ಲೇ ಹರಿವು ಶೇ. 16ರಷ್ಟು ಕುಸಿಯಿತು. ಎರಡನೆಯ ಸುತ್ತಿನಲ್ಲಿ, ಕಡಿದ ಬುಡದಿಂದಲೇ ಚಿಗುರಿದ ಮರಗಳು ಇನ್ನೂ ಹೆಚ್ಚು ಕುಡಿದವು.

ಬಯಲಿನ ಪುರಾವೆ ಇನ್ನೂ ಕುತೂಹಲದ್ದು. 1980ರ ದಶಕದಲ್ಲಿ ವಿಶ್ವಬ್ಯಾಂಕ್ ನೆರವಿನ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಕರ್ನಾಟಕದ ಹೊಲಗಳಿಗೆ ನೀಲಗಿರಿ ನುಗ್ಗಿತು. ತುಮಕೂರು ಕಡೆ ರೈತಸಂಘದವರು ಸಸಿ ಕಿತ್ತರು. 1987ರಲ್ಲಿ ಧಾರವಾಡ ಸೀಮೆಯ ಕುಸನೂರಿನಲ್ಲಿ ಎಸ್.ಆರ್. ಹಿರೇಮಠ ಮತ್ತು ಸಮಾಜ ಪರಿವರ್ತನ ಸಮುದಾಯದವರ ಮುಂದಾಳ್ತನದಲ್ಲಿ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ಅದೇ ಹೊತ್ತಿಗೆ ಬ್ರಿಟಿಷ್ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಕರ್ನಾಟಕದ ಅರಣ್ಯ ಸಂಶೋಧಕರು ಶಿವಮೊಗ್ಗ ಸೀಮೆಯಲ್ಲೂ ಹೊಸಕೋಟೆಯಲ್ಲೂ ಮರಗಳ ನೀರಿನ ಬಳಕೆಯನ್ನು ಅಳೆದರು. ಫಲಿತಾಂಶ ಎರಡೂ ಪಕ್ಷಕ್ಕೆ ಪೂರ್ತಿ ಹಿತವಾಗಲಿಲ್ಲ. ಸಾಧಾರಣ ಆಳದ ಮಣ್ಣಿನಲ್ಲಿ ನೀಲಗಿರಿ ಕುಡಿಯುವ ನೀರು ಅಲ್ಲಿನ ನಾಡಕಾಡು ಕುಡಿಯುವುದಕ್ಕಿಂತ ಹೆಚ್ಚಿರಲಿಲ್ಲ. ಆದರೆ ಎರಡೂ ತಂತಮ್ಮ ನೆಲಕ್ಕೆ ಬಿದ್ದ ಮಳೆಯನ್ನೆಲ್ಲ ಹೆಚ್ಚುಕಡಿಮೆ ಮುಗಿಸುತ್ತಿದ್ದವು. ರಾಗಿ ಹೊಲದ ಬಳಕೆ ಅದರ ಅರ್ಧದಷ್ಟು. ಹೊಸಕೋಟೆಯ ಆಳ ಮಣ್ಣಿನಲ್ಲಂತೂ ನೀಲಗಿರಿ ಬಿದ್ದ ಮಳೆಗಿಂತ ಹೆಚ್ಚು ಕುಡಿದು ನೆಲದೊಳಗಿನ ಹಳೆಯ ದಾಸ್ತಾನಿಗೂ ಕೈಹಾಕಿತ್ತು. ಮೂರು ದಶಕದ ಬಳಿಕ, 2017ರಲ್ಲಿ, ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ದಕ್ಷಿಣ ಆಫ್ರಿಕಾ ಈ ವಾದವನ್ನು ಸರ್ಕಾರಿ ಕಾರ್ಯಕ್ರಮವನ್ನಾಗಿಸಿದ ದೇಶ. 1995ರಿಂದ ಅಲ್ಲಿ ಬೆಟ್ಟದ ತೊರೆಗಳ ದಂಡೆಯ ಹೊರನಾಡ ಮರಗಳನ್ನು ಕೂಲಿಕೊಟ್ಟು ಕಡಿಸುತ್ತಾರೆ, ನೀರಿಗಾಗಿಯೇ. ‘ಮರ ನೆಡಿ, ಮಳೆ ತನ್ನಿ’ ಎಂಬ ಫಲಕಗಳ ನಾಡಿನಲ್ಲಿ ಈ ಸುದ್ದಿ ಒಪ್ಪಿಸಲು ಕಷ್ಟ.

ಮೂರನೆಯ ವಾದ: ಇಂಗುವುದೆಷ್ಟು, ಆರುವುದೆಷ್ಟು

ಎರಡು ವಾದಗಳ ನಡುವೆ ರಾಜಿಯ ದಾರಿ ತೆರೆದವರಲ್ಲಿ ಡಚ್ ವಿಜ್ಞಾನಿ ಸಂಪುರ್ನೊ ಬ್ರೌನ್ಜೀಲ್ ಮುಖ್ಯರು. ಅವರು 2004ರಲ್ಲಿ ಮುಂದಿಟ್ಟ ತರ್ಕ ಸರಳ. ಮರ ಕಡಿದಾಗ ಆವಿಯಾಗುವ ನೀರು ಉಳಿಯುತ್ತದೆ, ನಿಜ. ಆದರೆ ನೆಲ ತುಳಿತಕ್ಕೆ, ಬೆಂಕಿಗೆ, ಕೊರೆತಕ್ಕೆ ಸಿಕ್ಕಿ ಗಟ್ಟಿಯಾದರೆ ಇಂಗುವ ನೀರು ಅದಕ್ಕಿಂತ ಹೆಚ್ಚು ನಷ್ಟವಾಗಬಹುದು. ಆಗ ಮಳೆಗಾಲದ ಹೊಳೆ ಉಬ್ಬುತ್ತದೆ, ಬೇಸಿಗೆಯ ಹೊಳೆ ಸೊರಗುತ್ತದೆ. ಎರಡರಲ್ಲಿ ಯಾವುದು ಮೇಲುಗೈ ಎಂಬುದನ್ನು ಮಣ್ಣು, ಮಳೆಯ ಜೋರು, ಕಾಡಿನ ಜಾತಿ ಸೇರಿ ನಿರ್ಧರಿಸುತ್ತವೆ.

ಇದರ ದೊಡ್ಡ ಪರೀಕ್ಷೆಯೊಂದು ನಡೆದದ್ದು ಉತ್ತರ ಕನ್ನಡದಲ್ಲಿ. ಮೈಕ್ ಬಾನೆಲ್, ಜಗದೀಶ್ ಕೃಷ್ಣಸ್ವಾಮಿ ಮತ್ತು ಸಂಗಡಿಗರು ಮೂರು ಬಗೆಯ ಸಣ್ಣ ಕಣಿವೆಗಳನ್ನು ಅಳೆದರು: ಉಳಿದುಕೊಂಡ ಮೂಲಕಾಡು, ಅಕೇಶಿಯಾ ನೆಡುತೋಪು, ಸೊಪ್ಪು ಸೌದೆಗೆ ಬಳಸಿ ಸವೆದ ಕಾಡು. 2013ರಲ್ಲಿ ಹೊರಬಂದ ಫಲಿತಾಂಶದಂತೆ ಅಂತರ್ಜಲಕ್ಕೆ ಇಳಿಯುವ ನೀರೂ ಬೇಸಿಗೆಯ ಹರಿವೂ ಮೂಲಕಾಡಿನಲ್ಲಿ ಮೇಲು. ಸವೆದ ನೆಲಕ್ಕೆ ಅಕೇಶಿಯಾ ಹಾಕಿದ ಮಾತ್ರಕ್ಕೆ ಹಳೆಯ ಇಂಗುವಿಕೆ ಮರಳಿರಲಿಲ್ಲ.

ಒಣನಾಡಿಗೆ ಹತ್ತಿರದ ಪಾಠ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊದಿಂದ ಬಂತು. ಹೊಲಗಳ ನಡುವೆ ಅಲ್ಲಲ್ಲಿ ಮರವಿರುವ ಸೀಮೆಯನ್ನು ಅಳೆದ ಉಲ್ರಿಕ್ ಇಲ್‌ಸ್ಟೆಡ್ಟ್ ತಂಡ 2016ರಲ್ಲಿ ಹೇಳಿದ್ದು ಇಷ್ಟು: ಮರವೇ ಇಲ್ಲದಲ್ಲೂ ಇಂಗುವುದು ಕಡಿಮೆ, ಮರ ಒತ್ತೊತ್ತಾದಲ್ಲೂ ಕಡಿಮೆ, ಮಧ್ಯಮ ಪ್ರಮಾಣದಲ್ಲಿ ಇರುವಲ್ಲಿ ಹೆಚ್ಚು. ಬದುವಿನಲ್ಲಿ ಬೇವು, ಹೊಂಗೆ, ಹುಣಸೆ ಉಳಿಸಿಕೊಂಡು ನಡುವೆ ಶೇಂಗಾ ಬಿತ್ತುವ ಹಿರಿಯೂರಿನ ರೈತನಿಗೆ ಇದು ಹೊಸ ಮಾತಲ್ಲ.

ಈ ಮೂರು ವಾದಗಳ ಜಗಳದಲ್ಲಿ ಅರ್ಧಪಾಲು ಅಳತೆಗೋಲಿನದು. ಒಬ್ಬರು ವರ್ಷದ ಮೊತ್ತ ಅಳೆದರು, ಇನ್ನೊಬ್ಬರು ಬೇಸಿಗೆಯ ಹರಿವು, ಮತ್ತೊಬ್ಬರು ಹೂಳು. ಬಯಲಿನ ಊರಿಗೆ ಬೆಲೆಬಾಳುವುದು ಏಪ್ರಿಲ್ ತಿಂಗಳ ನೀರು. ಆಗಸ್ಟಿನಲ್ಲಿ ಒಂದೇ ವಾರ ಉಕ್ಕಿ ಹೋಗುವ ಟಿಎಂಸಿಗಳನ್ನು ಹಿಡಿಯಲು ಅದರ ಬಳಿ ಪಾತ್ರೆಯಿಲ್ಲ. ಸರ್ಕಾರದ ಕಡತಗಳು ಮಾತ್ರ ಇಂದಿಗೂ ಟಿಎಂಸಿ ಮತ್ತು ನೆಟ್ಟ ಸಸಿಗಳ ಸಂಖ್ಯೆಯಲ್ಲೇ ಮಾತಾಡುತ್ತವೆ.

ನಾಲ್ಕನೆಯ ವಾದ: ಮಂಜು ಮತ್ತು ಮೋಡದ ದಾರಿ

ಗಿರಿಯ ನೆತ್ತಿಯ ಕಾಡಿಗೆ ಇನ್ನೊಂದು ಗಳಿಕೆಯಿದೆ, ಅದು ಮಳೆಮಾಪಕಕ್ಕೆ ಸಿಗುವುದಿಲ್ಲ. ಮೋಡ ನೇರವಾಗಿ ಎಲೆಗಳಿಗೆ ತಾಗಿ ಹನಿಯಾಗಿ ನೆಲಕ್ಕೆ ಬೀಳುತ್ತದೆ. ಕ್ಯಾನರಿ ದ್ವೀಪಗಳ ಎಲ್ ಹಿಯೆರೊದಲ್ಲಿ ಇಂಥ ಹನಿಯನ್ನೇ ಗುಂಡಿಗಳಲ್ಲಿ ಹಿಡಿದು ಜನ ಬದುಕಿದ್ದರು. ಅಲ್ಲಿನ ಹೆಸರಾಂತ ಗರೊಯೆ ಮರ 1610ರ ಬಿರುಗಾಳಿಗೆ ಉರುಳಿತು. ಬಾಬಾಬುಡನ್ ಗಿರಿಯ ಶೋಲಾಗಳೂ ವರ್ಷದ ಹಲವು ತಿಂಗಳು ಮೋಡದೊಳಗೇ ಇರುತ್ತವೆ. ಪಾಚಿ, ಸೀತಾಳೆ ದಂಡೆ, ಜರೀಗಿಡ ಹೊತ್ತ ಅವುಗಳ ಕೊಂಬೆಗಳಿಗೆ ತೇವ ಹಿಡಿಯುವ ಶಕ್ತಿ ಹೆಚ್ಚು.

ಇದಕ್ಕಿಂತ ದೊಡ್ಡ ಪ್ರಮಾಣದ ವಾದ ಕಾಡು ಮಳೆಯನ್ನೇ ಹುಟ್ಟಿಸುತ್ತದೆ ಎಂಬುದು. ಹಿಂದೆ ನಂಬಿಕೆಯಾಗಿ ಇದ್ದು, ನಡುವೆ ಅಪಹಾಸ್ಯಕ್ಕೆ ಗುರಿಯಾಗಿ, ಈಗ ಕಂಪ್ಯೂಟರ್ ಮಾದರಿಗಳ ಬೆಂಬಲದೊಂದಿಗೆ ಮರಳಿದೆ. ಐಐಟಿ ಬಾಂಬೆಯ ಸುಬಿಮಲ್ ಘೋಷ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ತಮಿಳುನಾಡಿಗೆ ನೈರುತ್ಯ ಮುಂಗಾರಿನಲ್ಲಿ ಬೀಳುವ ಮಳೆಯ ತೇವದಲ್ಲಿ ಕಾಲುಭಾಗಕ್ಕೂ ಹೆಚ್ಚು ಪಶ್ಚಿಮಘಟ್ಟದ ಕಾಡು ಬಿಟ್ಟ ಉಸಿರಿನದು. ಮಳೆ ಸೋತ ವರ್ಷ ಆ ಪಾಲು ಇನ್ನೂ ಏರುತ್ತದೆ. ಘಟ್ಟದ ನೆರಳಿನಲ್ಲೇ ಇರುವ ಚಿತ್ರದುರ್ಗಕ್ಕೂ ಈ ತರ್ಕ ಅನ್ವಯಿಸಬಹುದು. ರಷ್ಯಾದ ಮಕಾರಿಯೇವಾ ಮತ್ತು ಗೊರ್ಶ್ಕೊವ್ 2007ರಲ್ಲಿ ಇನ್ನೂ ಮುಂದೆ ಹೋಗಿ, ಕಾಡೇ ಕಡಲಿನ ಗಾಳಿಯನ್ನು ಒಳನಾಡಿಗೆ ಸೆಳೆಯುತ್ತದೆ ಎಂದರು. ಹವಾಮಾನ ವಿಜ್ಞಾನಿಗಳಲ್ಲಿ ಬಹಳ ಮಂದಿ ಅದನ್ನು ಒಪ್ಪಿಲ್ಲ.

ಎರಡನೆಯ ವಾದಕ್ಕೆ ಇಲ್ಲಿ ಒಂದು ತಿರುಗುಬಾಣವಿದೆ. ಒಂದು ಕಣಿವೆಯ ಲೆಕ್ಕದಲ್ಲಿ ಮರ ‘ಕಳೆದ’ ನೀರು, ಗಾಳಿಯ ದಾರಿಯಲ್ಲಿ ಮುಂದಿರುವ ಸೀಮೆಯ ಲೆಕ್ಕಕ್ಕೆ ಜಮೆಯಾಗಿರಬಹುದು.

ಯಾವುದು ‘ಮೂಲಕಾಡು’

ಗಿರಿಯನ್ನು ಕಾಯಬೇಕು ಎನ್ನುವವರೆಲ್ಲ ಕಾಯಲು ಹೊರಟದ್ದು ಒಂದನ್ನೇ ಅಲ್ಲ. ಶೋಲಾ ಸೀಮೆಯಲ್ಲಿ ಹುಲ್ಲುಗಾವಲೂ ಮೂಲವೇ. ಅದನ್ನು ಪಾಳುನೆಲವೆಂದು ಬಗೆದು ಮರ ನೆಟ್ಟದ್ದು ಬ್ರಿಟಿಷರ ಕಾಲದಿಂದ ನಡೆದ ಪ್ರಮಾದ ಎಂಬುದು ಇಂದಿನ ಪರಿಸರ ವಿಜ್ಞಾನದ ನಿಲುವು. ತಮಿಳುನಾಡಿನಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶಗಳ ನೆರಳಿನಲ್ಲಿ ವಾಟಲ್ ಮತ್ತಿತರ ಹೊರನಾಡ ಮರಗಳ ತೆರವು ನಡೆದಿದೆ. ಕಡಿದ ಜಾಗದಲ್ಲಿ ಹುಲ್ಲು ಬರುವ ಬದಲು ಲಂಟಾನವೋ ವಾಟಲ್ ಮರಿಗಳೋ ಎದ್ದರೆ ಏನು ಗತಿ ಎಂದು ಕೇಳುವವರೂ ವಿಜ್ಞಾನಿಗಳೇ.

ಕಾಫಿಯದು ನಡುವಿನ ಸ್ಥಾನ. ನಾಡಮರಗಳ ನೆರಳಿನ ತೋಟ ಕಾಡಿನ ಹಲವು ಗುಣಗಳನ್ನು ಉಳಿಸಿಕೊಳ್ಳುತ್ತದೆ. ಅವುಗಳ ಜಾಗದಲ್ಲಿ ಸಿಲ್ವರ್ ಓಕ್ ಸಾಲು ಎದ್ದು, ಬೇಸಿಗೆಯಲ್ಲಿ ಹಳ್ಳಕ್ಕೆ ಪಂಪಿಟ್ಟು ಹೂಮಳೆಯ ಬದಲು ಸ್ಪ್ರಿಂಕ್ಲರ್ ಹಾಯಿಸಿದಲ್ಲಿ ಲೆಕ್ಕ ಬೇರೆ. ಮೇಲೆ ಗಿರಿಯ ರಸ್ತೆಗಳಲ್ಲಿ ವಾರಾಂತ್ಯದ ವಾಹನಗಳ ಸಾಲು, ಹೋಂಸ್ಟೇಗಳಿಗಾಗಿ ಕಡಿದ ದಿಣ್ಣೆಗಳು, ಮಳೆಗಾಲದ ಗುಡ್ಡಕುಸಿತ. ಇವು ಯಾವ ಜೋಡಿ ಕಣಿವೆಯ ಪ್ರಯೋಗದಲ್ಲೂ ಇರಲಿಲ್ಲ.

ದುರ್ಗದ ಗುಡ್ಡಗಳ ಪಾಲು

ಗಿರಿ ಎಂದೊಡನೆ ಘಟ್ಟದ ಕಡೆ ಕೈತೋರಿಸುವುದು ವಾಡಿಕೆ. ಚಿತ್ರದುರ್ಗದ ನಡುವೆಯೇ ಹಾದುಹೋಗುವ ಬೆಟ್ಟಸಾಲು ಆ ಚರ್ಚೆಯಲ್ಲಿ ಬರುವುದೇ ಕಡಿಮೆ. ಊರಿನ ಬದಿಯ ಜೋಗಿಮಟ್ಟಿ 2015ರಲ್ಲಿ ವನ್ಯಧಾಮವಾಯಿತು. ವಿಸ್ತೀರ್ಣ ಸುಮಾರು 100 ಚದರ ಕಿಲೋಮೀಟರ್. ಅದರ ಬುಡದಲ್ಲಿ ತಿಮ್ಮಣ್ಣನಾಯಕನ ಕೆರೆ, ನಂದಿಯ ಬಾಯಿಂದ ನೀರು ಬೀಳುವ ಆಡುಮಲ್ಲೇಶ್ವರ. ಕೋಟೆಯೊಳಗೆ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಕೆಳಗೆ ಊರಿನಲ್ಲಿ ಸಂತೆಹೊಂಡ. ಬೀಳುವ ಅಲ್ಪ ಮಳೆಯನ್ನೇ ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಹಿಡಿಯುವ ಲೆಕ್ಕ ಪಾಳೆಯಗಾರರ ಕಾಲಕ್ಕೇ ಇತ್ತು.

ಇಲ್ಲಿನ ಕಾಡು ಎತ್ತರದ ಮರಗಳದ್ದಲ್ಲ. ಕಮರ, ದಿಂಡಿಗ, ಜಾಲಿ, ಬಂದರಿಕೆ, ತಂಗಡಿ, ನಡುವೆ ಹುಲ್ಲು. ಕುರಿ ಮೇಯುತ್ತವೆ, ಬೇಸಿಗೆಯಲ್ಲಿ ಬೆಂಕಿ ಬೀಳುತ್ತದೆ. ಈ ಶತಮಾನದ ಆರಂಭದಿಂದ ಏಣುಗಳ ಮೇಲೆ ಗಾಳಿಯಂತ್ರಗಳು ಎದ್ದಿವೆ, ಅವುಗಳಿಗೆ ಹೋಗಲು ಗುಡ್ಡ ಸೀಳಿದ ರಸ್ತೆಗಳೂ ಬಂದಿವೆ. ಹೊಳಲ್ಕೆರೆ, ಹೊಸದುರ್ಗ ಕಡೆಯ ಬೆಟ್ಟಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅದಿರು. ಬಳ್ಳಾರಿಯ ಬೆನ್ನಲ್ಲೇ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರಿನ ಗಣಿಗಳನ್ನೂ ನಿಲ್ಲಿಸಿ, ಮುಂದೆ ಷರತ್ತುಗಳ ಮೇಲೆ ಕೆಲವಕ್ಕೆ ಅನುಮತಿ ಕೊಟ್ಟಿತು. ಗಣಿಪ್ರದೇಶದ ಪುನಶ್ಚೇತನಕ್ಕೆಂದು ಸಂಗ್ರಹವಾದ ದೊಡ್ಡ ನಿಧಿಯನ್ನು ನಿರ್ವಹಿಸಲು ರಾಜ್ಯದಲ್ಲಿ ಪ್ರತ್ಯೇಕ ನಿಗಮವೇ ಇದೆ.

ಇಂಥ ಒಣಗುಡ್ಡಗಳು ಹೊಳೆ ಹುಟ್ಟಿಸುವುದಿಲ್ಲ. ಆದರೆ ಬುಡದ ಕೆರೆಗೆ ಹೂಳು ಬರುತ್ತದೋ ನೀರು ಬರುತ್ತದೋ ಎಂಬುದನ್ನು ತೀರ್ಮಾನಿಸುವುದು ಅವೇ. ಫ್ಲೋರೈಡ್ ಬೆರೆತ ಆಳದ ಬೋರ್‌ವೆಲ್ ನೀರಿನ ಬದಲು ಮೇಲ್ಪದರದ ನೀರು ಸಿಗಬೇಕಾದರೆ ದಾರಿ ಇದೇ ಎಂದು ಜಲಾನಯನ ಅಭಿವೃದ್ಧಿಯ ಕೆಲಸದಲ್ಲಿ ತೊಡಗಿದವರು ವಾದಿಸುತ್ತಾರೆ. ದೂರದ ನೀರು ತರುವ ನಾಲೆಯ ಪಕ್ಷದವರು ಮರುಪ್ರಶ್ನೆ ಹಾಕುತ್ತಾರೆ: ಮಳೆಯೇ ಇಲ್ಲದ ವರ್ಷ ಗುಡ್ಡ ಏನು ಹಿಡಿದೀತು?

ಕಾಯುವವರು, ತೆರುವವರು

ವಿಜ್ಞಾನದ ಜಗಳ ಮುಗಿದರೂ ಉಳಿಯುವ ಪ್ರಶ್ನೆ ಹಕ್ಕಿನದು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ಘಟ್ಟವನ್ನು ಮೂರು ಹಂತದ ಸೂಕ್ಷ್ಮ ವಲಯಗಳಾಗಿ ವಿಂಗಡಿಸಿ, ತೀರ್ಮಾನ ಗ್ರಾಮಸಭೆಯಿಂದ ಮೇಲಕ್ಕೆ ಬರಲಿ ಎಂದಿತು. 2013ರ ಕಸ್ತೂರಿರಂಗನ್ ವರದಿ ವ್ಯಾಪ್ತಿಯನ್ನು ಕಿರಿದಾಗಿಸಿತು. ಕೇಂದ್ರ ಸರ್ಕಾರ 2024ರ ಜುಲೈ ಅಂತ್ಯದಲ್ಲಿ ಹೊರಡಿಸಿದ ಆರನೆಯ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಇದೆ. ಅದೇ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ವರದಿಯನ್ನು ತಿರಸ್ಕರಿಸಲು ನಿರ್ಧರಿಸಿತು. ಮಲೆನಾಡಿನವರ ತಕರಾರು ನೇರವಾದದ್ದು: ನೀರು ಕುಡಿಯುವವರು ಬಯಲಿನವರು, ಕಟ್ಟುಪಾಡು ಮಾತ್ರ ನಮಗೆ. ಭದ್ರಾ ಅಭಯಾರಣ್ಯದೊಳಗಿಂದ ಎರಡು ದಶಕದ ಹಿಂದೆ ಎದ್ದುಬಂದ ಹಳ್ಳಿಗಳ ಪುನರ್ವಸತಿಯನ್ನು ದೇಶಕ್ಕೇ ಮಾದರಿ ಎನ್ನುವವರಿದ್ದಾರೆ; 2006ರ ಅರಣ್ಯ ಹಕ್ಕು ಕಾಯ್ದೆಯ ಕಣ್ಣಿನಲ್ಲಿ ಇಂಥ ಸ್ಥಳಾಂತರಗಳನ್ನೇ ಪ್ರಶ್ನಿಸುವವರೂ ಇದ್ದಾರೆ.

ಇದಕ್ಕೆ ಸೂಚಿತವಾದ ಮದ್ದು ದುಡ್ಡಿನದು. ಹಿಮಾಚಲದ ಪಾಲಂಪುರ ಪಟ್ಟಣ ತನ್ನ ಕುಡಿಯುವ ನೀರಿನ ಬೋಹಲ್ ಒರತೆಯ ಮೇಲಿನ ಕಾಡನ್ನು ಕಾಯುವ ಹಳ್ಳಿಗಳಿಗೆ 2010ರ ಒಪ್ಪಂದದಂತೆ ಹಣ ಕೊಡುತ್ತದೆ. ಹವಾಯಿಯಲ್ಲಿ 1991ರ ಪೂರ್ವ ಮಾವಿ ಒಕ್ಕೂಟದಿಂದ ಆರಂಭವಾಗಿ, ಸರ್ಕಾರ, ಖಾಸಗಿ ಜಮೀನುದಾರರು, ನೀರು ಪೂರೈಕೆದಾರರು ಒಂದೇ ಮೇಜಿಗೆ ಬಂದು ಬೆಟ್ಟದ ಕಾಡಿಗೆ ಬೇಲಿ ಹಾಕಿ ಹಂದಿ, ಕಳೆಗಿಡಗಳನ್ನು ಹೊರಗಿಡುತ್ತಿದ್ದಾರೆ. ಕರ್ನಾಟಕದಲ್ಲಿ 2024ರ ನವೆಂಬರಿನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ, ಘಟ್ಟದ ನದಿಗಳ ನೀರು ಪಡೆವ ನಗರಗಳ ನೀರಿನ ಬಿಲ್ಲಿಗೆ ಎರಡು ಮೂರು ರೂಪಾಯಿ ಹಸಿರು ಸೆಸ್ ಸೇರಿಸಿ ಘಟ್ಟದ ಸಂರಕ್ಷಣೆಗೆ ನಿಧಿ ಮಾಡುವ ಪ್ರಸ್ತಾವ ಮುಂದಿಟ್ಟರು. ನೀರಿಗೂ ಕಾಡಿಗೂ ಇರುವ ನಂಟಿಗೆ ರೂಪಾಯಿಯ ಬೆಲೆ ಕಟ್ಟಲು ರಾಜ್ಯದಲ್ಲಿ ನಡೆದ ನೇರ ಯತ್ನ ಅದು.

ಇತ್ಯರ್ಥವಾಗದೆ ಉಳಿದದ್ದು

ಒಪ್ಪಿಗೆಯ ನೆಲ ಕಿರಿದಾದರೂ ಇದೆ. ಇಳಿಜಾರಿನ ಮೂಲಕಾಡು ಮತ್ತು ಹುಲ್ಲು ಹೂಳು ತಡೆಯುತ್ತವೆ ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅವಸರದ ಏಕಜಾತಿ ನೆಡುತೋಪು ಅವುಗಳ ಸ್ಥಾನ ತುಂಬುವುದಿಲ್ಲ ಎಂಬುದರಲ್ಲೂ ಬಹುಪಾಲು ಸಹಮತವಿದೆ.

ಅದರಾಚೆ ಎಲ್ಲವೂ ತೆರೆದೇ ಇದೆ. ಉತ್ತರ ಕನ್ನಡದ ಭಾರಿ ಮಳೆಯ, ಜಂಬಿಟ್ಟಿಗೆ ಮಣ್ಣಿನ ಕಣಿವೆಗಳ ಫಲಿತಾಂಶ ಬಾಬಾಬುಡನ್ ಗಿರಿಯ ಪೂರ್ವದ ಇಳಿಜಾರಿಗೆ ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದನ್ನು ವೇದಾ, ಅವತಿಗಳ ಸಣ್ಣ ಕವಲುಗಳ ಬೇಸಿಗೆ ಹರಿವನ್ನು ದಶಕಗಟ್ಟಲೆ ಅಳೆದರೆ ಮಾತ್ರ ಹೇಳಬಹುದು. 89 ವರ್ಷದ ಕೊರತೆಯಲ್ಲಿ ಮಳೆಯ ಏರಿಳಿತ, ಮೇಲಿನ ಕೆರೆ ಬೋರ್‌ವೆಲ್ಲುಗಳು, ಕಾಡಿನ ನಷ್ಟ ಇವುಗಳ ಪಾಲು ಬಿಡಿಸಿ ಹೇಳುವುದೂ ಬಾಕಿ. 2022ರ ಕೋಡಿಗೆ ಅಸಾಧಾರಣ ಮಳೆಯೂ ಭದ್ರೆಯ ನೀರೂ ಸೇರಿ ಕಾರಣವಾದದ್ದರಿಂದ ಆ ಲೆಕ್ಕ ಇನ್ನಷ್ಟು ಸಿಕ್ಕಾಯಿತು. ಮಳೆ ಕಡಿಮೆ ದಿನಗಳಲ್ಲಿ ಹೆಚ್ಚು ಜೋರಾಗಿ ಸುರಿಯುವ ಮುಂದಿನ ಕಾಲದಲ್ಲಿ ಹಳೆಯ ಅಳತೆಗಳೇ ಸಾಕೇ ಎಂಬ ಅನುಮಾನವೂ ಇದೆ.

ಎತ್ತಿ ತಂದ ನೀರು ಇನ್ನೊಂದು ತಿರುವು. ನಾಲೆ ಬಂದ ಮೇಲೆ ಬಯಲಿನವರು ಗಿರಿಯ ಬಗ್ಗೆ ಹೆಚ್ಚು ಕಾಳಜಿ ವಹಿಸುತ್ತಾರೋ, ಪಂಪಿನ ಮೇಲೆ ಭಾರ ಹಾಕಿ ತಮ್ಮ ಗುಡ್ಡವನ್ನೂ ಮರೆಯುತ್ತಾರೋ? ಎರಡಕ್ಕೂ ಉದಾಹರಣೆಗಳು ಲೋಕದಲ್ಲಿವೆ.

ಸೆಸ್ ಜಾರಿಗೆ ಬಂದರೂ ಹಣ ಸೇರಬೇಕಾದ ಕೈ ಯಾವುದೆಂದು ತೀರ್ಮಾನವಾಗಬೇಕು. ಅರಣ್ಯ ಇಲಾಖೆಗೋ, ನೆರಳಿನ ಮರ ಉಳಿಸಿದ ಕಾಫಿ ಬೆಳೆಗಾರನಿಗೋ, ಕಾಡಂಚಿನಲ್ಲಿ ಸೌದೆ ಬಿಟ್ಟುಕೊಟ್ಟ ಹಾಡಿಯ ಕುಟುಂಬಕ್ಕೋ, ಎದ್ದುಹೋದ ಹಳ್ಳಿಗೋ? ಯಾವ ಕಣಿವೆಯ ಕಾಡು ಯಾವ ಊರಿನ ಕೊಡವನ್ನು ಎಷ್ಟು ತುಂಬಿಸುತ್ತದೆ ಎಂಬ ಅಂಕಿ ಕೈಯಲ್ಲಿಲ್ಲದೆ ಈ ಪಾಲುಪಟ್ಟಿ ಬರೆಯುವುದು ಹೇಗೆ ಎಂಬುದಕ್ಕೆ ಗಾಡ್ಗೀಳ್ ವರದಿಯಲ್ಲಾಗಲಿ, ಸೆಸ್‌ನ ಪ್ರಸ್ತಾವದಲ್ಲಾಗಲಿ ಉತ್ತರವಿಲ್ಲ.